ಹಳೆಯ ಕಾವುಪೆಟ್ಟಿಗೆಗೆ ಮರುಜೀವ

ತಾಯಿಕೋಳಿಯ ನೆರವಿಲ್ಲದೆ ಮೊಟ್ಟೆಗಳಿಗೆ ಕಾವು ನೀಡಿ ಮರಿ ಮಾಡಿಸುವ ಸಾಧನವೇ ಇನ್‌ಕ್ಯುಬೇಟರ್ ಅಥವಾ ಕಾವುಪೆಟ್ಟಿಗೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪೆಟಲೂಮಾದಲ್ಲಿ ಲೈಮನ್ ಬೈಸ್ 1879ರಲ್ಲಿ ಇಂಥದೊಂದು ಯಂತ್ರವನ್ನು ರೂಪಿಸಿದರು. ಇಂಗ್ಲೆಂಡಿನ ಚಾರ್ಲ್ಸ್ ಹಿಯರ್ಸನ್ 1881ರಲ್ಲಿ ಶಾಖವನ್ನು ತಾನಾಗಿಯೇ ಹದದಲ್ಲಿಡುವ ಲೋಹದ ಕ್ಯಾಪ್ಸೂಲನ್ನು ಅಳವಡಿಸಿದರು. ನಂತರದ ದಶಕಗಳ ಅನೇಕ ಮನೆಬಳಕೆಯ ಪೆಟ್ಟಿಗೆಗಳು ಇದೇ ತತ್ವವನ್ನು ಅನುಸರಿಸಿದವು. ಇಂಥ ಪೆಟ್ಟಿಗೆಯ ಮರ ಹಳೆಯದಾದರೂ ಚಿಂತೆಯಿಲ್ಲ. ಅದರ ಅಳತೆ ಮಾತ್ರ ತಪ್ಪಬಾರದು.

ಮೊದಲು ಸುರಕ್ಷತೆ: ಹಳೆಯ ಪೆಟ್ಟಿಗೆಯ ಒಳಪದರದಲ್ಲಿ ಆಸ್ಬೆಸ್ಟಾಸ್, ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯುಂಟು. ಅನುಮಾನವಿದ್ದರೆ ಕೆರೆಯಲೂ ಉಜ್ಜಲೂ ಹೋಗಬಾರದು. ಬಟ್ಟೆ ಸುತ್ತಿದ ಹಳೆಯ ತಂತಿಗಳನ್ನು ಪೂರ್ಣವಾಗಿ ಬದಲಿಸಬೇಕು. ಅಮೆರಿಕದ ಯಂತ್ರಗಳು ಸುಮಾರು 110 ವೋಲ್ಟ್‌ಗೆ ತಯಾರಾದವು. ಅವನ್ನು ನಮ್ಮ 230 ವೋಲ್ಟ್‌ಗೆ ನೇರವಾಗಿ ಜೋಡಿಸಿದರೆ ಅಪಾಯ ಖಚಿತ. ಸೀಮೆಎಣ್ಣೆ ದೀಪದ ಮಾದರಿಯನ್ನು ಮುಚ್ಚಿದ ಕೋಣೆಯಲ್ಲಿ ಉರಿಸಬಾರದು.

ಕ್ಯಾಪ್ಸೂಲಿನ ಪರೀಕ್ಷೆ: ಇದರೊಳಗೆ ಈಥರ್‌ನಂಥ ಬೇಗ ಆವಿಯಾಗುವ ದ್ರವವಿರುತ್ತದೆ. ಬಿಸಿಯಾದಾಗ ಕ್ಯಾಪ್ಸೂಲ್ ಉಬ್ಬಿ, ಸನ್ನೆಯ ಮೂಲಕ ಶಾಖವನ್ನು ತಗ್ಗಿಸುತ್ತದೆ. ಸುಮಾರು 45 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಮುಳುಗಿಸಿದಾಗ ಅದು ಉಬ್ಬದಿದ್ದರೆ ದ್ರವ ಸೋರಿದೆ ಎಂದೇ ಅರ್ಥ. ಬೆಸುಗೆ ಹಾಕುವ ಸಾಹಸ ಬೇಡ, ಈಥರ್ ಥಟ್ಟನೆ ಹೊತ್ತಿಕೊಳ್ಳುತ್ತದೆ. ಅದರ ಬದಲು ಎಲೆಕ್ಟ್ರಾನಿಕ್ ಥರ್ಮೋಸ್ಟಾಟ್ ಅಳವಡಿಸುವುದು ಲೇಸು.

ಶಾಖ ಮತ್ತು ತೇವಾಂಶ: ಫ್ಯಾನಿಲ್ಲದ ಪೆಟ್ಟಿಗೆಯಲ್ಲಿ ಮೇಲೆ ಬಿಸಿ, ಕೆಳಗೆ ತಂಪು. ಆದ್ದರಿಂದ ಥರ್ಮಾಮೀಟರ್ ಮೊಟ್ಟೆಗಳ ಮೇಲ್ಮಟ್ಟದಲ್ಲಿರಬೇಕು. ಅಲ್ಲಿ 38.3ರಿಂದ 38.9 ಡಿಗ್ರಿ ಇರಬೇಕು, ಫ್ಯಾನಿದ್ದರೆ 37.5 ಡಿಗ್ರಿ ಸಾಕು. ಹಳೆಯ ಥರ್ಮಾಮೀಟರನ್ನು ಬೆಚ್ಚನೆಯ ನೀರಿನಲ್ಲಿ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರಿನೊಂದಿಗೆ ಹೋಲಿಸಿ ನೋಡಬೇಕು. ನೀರಿನ ತಟ್ಟೆಯಿಂದ ಮೊದಲ 18 ದಿನ ಶೇ. 50–55, ಕೊನೆಯ 3 ದಿನ ಶೇ. 65–70 ತೇವಾಂಶ ಒದಗಬೇಕು. ಗಾಳಿಕಿಂಡಿಗಳನ್ನು ಮುಚ್ಚಬಾರದು, ಮೊಟ್ಟೆಯೂ ಉಸಿರಾಡುತ್ತದೆ.

ಖಾಲಿ ಓಟ: ದುರಸ್ತಿಯಾದ ಪೆಟ್ಟಿಗೆಯನ್ನು ಮೊಟ್ಟೆಯಿಲ್ಲದೆ ಎರಡು ದಿನವಾದರೂ ನಡೆಸಿ, ಹಗಲು ರಾತ್ರಿಯ ಶಾಖವನ್ನು ಬರೆದಿಡಬೇಕು. ಅಲ್ಪಾವಧಿ ವಿದ್ಯುತ್ ಹೋದರೆ ಭ್ರೂಣ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ, ಅತಿಶಾಖವನ್ನು ತಾಳದು.

ಕೋಳಿಮೊಟ್ಟೆ ಮರಿಯಾಗಲು 21 ದಿನ ಬೇಕು. 18ನೇ ದಿನದವರೆಗೆ ದಿನಕ್ಕೆ ಮೂರರಿಂದ ಐದು ಬಾರಿ ಮೊಟ್ಟೆಗಳನ್ನು ತಿರುಗಿಸಬೇಕು. ಏಳನೇ ದಿನ ದೀಪಕ್ಕೆ ಹಿಡಿದರೆ ರಕ್ತನಾಳಗಳ ಜಾಲ ಕಾಣಿಸುತ್ತದೆ. ಮರಿಗಳಿಗೆ ಬೆಚ್ಚನೆಯ ಗೂಡು, ಮುಂದೆ ಬೆಳೆಯಲು ಜಾಗ ಇವೆಯೇ ಎಂಬುದನ್ನು ನಗರವಾಸಿಗಳು ಮೊದಲ ಮೊಟ್ಟೆ ಇಡುವ ಮುನ್ನವೇ ಯೋಚಿಸುವುದು ಒಳಿತು.