ಚಲಸಂಧಿಯೂ ಸ್ಥಾವರಸಂಧಿಯೂ: ಗಣಕಜಾಲದ ಭದ್ರತೆಗಾಗಿ ರಾಷ್ಟ್ರಗಳು ಮಾಡಿಕೊಂಡ ಒಡಂಬಡಿಕೆಗಳ ಚರಿತ್ರೆ

೧

ಮೈಸೂರಿನ ಪ್ರಾಚ್ಯಪುಸ್ತಕಭಂಡಾರಕ್ಕೆ ಬಂದು ಸೇರಿದ ಓಲೆಯ ಪ್ರತಿಯೊಂದನ್ನು ಆಧಾರವಾಗಿಟ್ಟುಕೊಂಡು ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಕೌಟಿಲೀಯ ಅರ್ಥಶಾಸ್ತ್ರವನ್ನು ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟರೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆ ಗ್ರಂಥದ ಏಳನೆಯ ಅಧಿಕರಣದ ಹದಿನೇಳನೆಯ ಅಧ್ಯಾಯದಲ್ಲಿ ಸಂಧಿಯ ಸ್ಥೈರ್ಯವನ್ನು ಕುರಿತ ವಿಚಾರವೊಂದುಂಟು. ಅರಸರು ಒಬ್ಬರಲ್ಲೊಬ್ಬರು ವಿಶ್ವಾಸಕ್ಕೆ ಬರುವುದೇ ಸಂಧಿಯ ತಿರುಳೆಂದಿಟ್ಟುಕೊಂಡು, ಆ ವಿಶ್ವಾಸವು ಯಾವುದರಿಂದ ನಿಲ್ಲುವುದೆಂದು ಗ್ರಂಥಕಾರನು ಪರೀಕ್ಷಿಸುತ್ತಾನೆ. ಪೂರ್ವಾಚಾರ್ಯರ ಮತವು ಹೀಗೆ: ಸತ್ಯವಚನದಿಂದಲೋ ಶಪಥದಿಂದಲೋ ಆದ ಸಂಧಿ ಚಲವಾದುದು, ಹೊಣೆಗಾರನನ್ನು ನಿಲ್ಲಿಸಿ ಅಥವಾ ಒತ್ತೆಯಾಳನ್ನು ಕೊಟ್ಟು ಮಾಡಿಕೊಂಡ ಸಂಧಿ ಸ್ಥಾವರವಾದುದು. ಕೌಟಿಲ್ಯನು ಇದನ್ನೊಪ್ಪುವುದಿಲ್ಲ. ಅವನ ಮತದಲ್ಲಿ ಮಾತಿನ ಸಂಧಿಯೇ ಇಹಪರಗಳೆರಡರಲ್ಲಿಯೂ ನಿಲ್ಲತಕ್ಕುದು. ಒತ್ತೆಯ ಸಂಧಿಯಾದರೋ ಇಹದ ಪ್ರಯೋಜನಕ್ಕೆ ಮಾತ್ರ ಸಲ್ಲುವುದು, ಅದೂ ಬಲವನ್ನವಲಂಬಿಸಿ. ಕುಟಿಲನೀತಿಗೆ ಹೆಸರಾದವನು ಮಾತಿನ ಪಕ್ಷವನ್ನು ಹಿಡಿದನಲ್ಲಾ ಎಂದು ಓದುವವರಿಗೆ ಮೊದಲು ಆಶ್ಚರ್ಯವಾಗುವುದುಂಟು. ಆದರೆ ಅದೇ ಅಧ್ಯಾಯದ ಮುಂದಿನ ಭಾಗದಲ್ಲಿ, ಒತ್ತೆಯಾಗಿ ಹೋದ ರಾಜಕುಮಾರನು ಸುರಂಗದಿಂದಲೋ ವೇಷಾಂತರದಿಂದಲೋ ತಪ್ಪಿಸಿಕೊಂಡು ಬರುವ ಉಪಾಯಗಳನ್ನು ಅವನೇ ವಿವರಿಸುತ್ತಾನೆ. ಒತ್ತೆಯು ಎಷ್ಟರಮಟ್ಟಿಗೆ ಸ್ಥಾವರವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಹಳೆಯ ವಾದವನ್ನು ಇಂದು ಮತ್ತೆ ಪರಿಶೀಲಿಸಲು ಕಾರಣವುಂಟು. ಗಣಕಯಂತ್ರಗಳ ಜಾಲದ ಮೂಲಕ, ಗಡಿಯನ್ನು ದಾಟದೆಯೇ, ಒಂದು ರಾಜ್ಯವು ಮತ್ತೊಂದರ ಬ್ಯಾಂಕು, ವಿದ್ಯುತ್ತು, ಆಸ್ಪತ್ರೆಗಳನ್ನು ಕೆಡಿಸಬಲ್ಲ ಕಾಲವಿದು. ಸೈಬರ್ ಎಂದು ಜನರು ಕರೆಯುವ ಈ ಕ್ಷೇತ್ರದಲ್ಲಿ ಒತ್ತೆಯಿಡತಕ್ಕ ವಸ್ತುವಿಲ್ಲ. ಆಯುಧಗಳನ್ನು ಎಣಿಸಿ ನೋಡುವಂತಿಲ್ಲ. ಹೊಡೆದವನಾರೆಂದು ನಿರ್ಣಯಿಸುವುದೂ ಸುಲಭವಲ್ಲ. ಆದಕಾರಣ ಶಾಂತಿಗಾಗಿ ಇಲ್ಲಿ ರಾಷ್ಟ್ರಗಳು ಮಾಡಿಕೊಂಡಿರುವ ಒಡಂಬಡಿಕೆಗಳು ಬಹುಮಟ್ಟಿಗೆ ಬರಿಯ ಮಾತಿನವು. ಅವು ಚಲವೋ ಸ್ಥಾವರವೋ ಎಂಬುದನ್ನು ಚರಿತ್ರೆಯ ಆಧಾರದಿಂದ ವಿಚಾರಿಸುವುದೇ ಈ ಲೇಖನದ ಉದ್ದೇಶ.

೨

ವಾರ್ತೆಯನ್ನು ದೂರಕ್ಕೊಯ್ಯುವ ಮಾರ್ಗದ ವಿಷಯದಲ್ಲಿ ರಾಜ್ಯಗಳು ಕೂಡಿ ಕಟ್ಟಳೆ ಮಾಡಿಕೊಂಡುದು ಹೊಸದಲ್ಲ. ೧೮೬೫ನೆಯ ಇಸವಿ ಮೇ ೧೭ರಂದು ಪ್ಯಾರಿಸ್ ನಗರದಲ್ಲಿ ೨೦ ರಾಜ್ಯಗಳು ತಂತಿವಾರ್ತೆಯ ಒಪ್ಪಂದಕ್ಕೆ ರುಜುಹಾಕಿದುವು. ಸಮುದ್ರದ ತಳದಲ್ಲಿ ಹಾಸಿದ ತಂತಿಗಳ ರಕ್ಷಣೆಗಾಗಿ ೧೮೮೪ ಮಾರ್ಚ್ ೧೪ರಂದು ಅದೇ ನಗರದಲ್ಲಿ ಮತ್ತೊಂದು ಒಪ್ಪಂದವಾಯಿತು. ಬುದ್ಧಿಪೂರ್ವಕವಾಗಿಯಾಗಲಿ ಅಜಾಗ್ರತೆಯಿಂದಾಗಲಿ ತಂತಿಯನ್ನು ಕೆಡಿಸುವುದು ದಂಡಾರ್ಹವೆಂದು ಅದು ವಿಧಿಸಿತು. ಆದರೆ ಯುದ್ಧದಲ್ಲಿ ತೊಡಗಿದ ರಾಜ್ಯಗಳ ಸ್ವಾತಂತ್ರ್ಯಕ್ಕೆ ಈ ಕಟ್ಟಳೆ ಅಡ್ಡಬಾರದೆಂದು ಅದರ ೧೫ನೆಯ ವಿಧಿ ಹೇಳಿತು. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ರಕ್ಷಣೆಯು ಉತ್ಸರ್ಗ, ಯುದ್ಧವು ಅಪವಾದ. ಅಪವಾದವು ಉತ್ಸರ್ಗವನ್ನು ಬಾಧಿಸುವುದು ಸರ್ವಸಮ್ಮತವಷ್ಟೆ. ೧೯೧೪ ಆಗಸ್ಟ್ ೫ರ ಬೆಳಗಿನ ಜಾವದಲ್ಲಿ, ಯುದ್ಧಘೋಷಣೆಯಾದ ಕೆಲವೇ ಗಂಟೆಗಳೊಳಗೆ, ಬ್ರಿಟಿಷ್ ಹಡಗೊಂದು ಇಂಗ್ಲಿಷ್ ಕಾಲುವೆಯಲ್ಲಿ ಜರ್ಮನಿಯ ತಂತಿಗಳನ್ನು ಕತ್ತರಿಸಿತು. ಒಪ್ಪಂದವನ್ನು ಮುರಿದಂತಾಗಲಿಲ್ಲ, ಅದು ತೆರೆದಿಟ್ಟ ಬಾಗಿಲಿನಿಂದ ಹೊರಗೆ ಹೋದಂತಾಯಿತು.

ತಂತಿಯ ಕಟ್ಟಳೆಗಳು ಮಾರ್ಗವನ್ನು ಕಾಯಲು ಯತ್ನಿಸಿದುವೇ ಹೊರತು, ಮಾರ್ಗದ ಎರಡು ತುದಿಗಳಲ್ಲಿರುವವರ ಪರಸ್ಪರ ಶಂಕೆಯನ್ನು ತಗ್ಗಿಸುವ ಉಪಾಯವನ್ನು ಹೇಳಲಿಲ್ಲ. ಆ ಉಪಾಯವು ಹುಟ್ಟಿದುದು ಬೇರೊಂದೆಡೆಯಲ್ಲಿ, ಬೇರೊಂದು ಭಯದಿಂದ.

೩

ಎರಡನೆಯ ಮಹಾಯುದ್ಧದ ತರುವಾಯ ಯೂರೋಪು ಎರಡು ಪಾಳೆಯಗಳಾಗಿ ಒಡೆದು ನಿಂತಿತು. ಒಂದು ಪಾಳೆಯದ ಸೈನ್ಯವು ಅಭ್ಯಾಸಕ್ಕಾಗಿ ಚಲಿಸಿದರೂ ಮತ್ತೊಂದಕ್ಕೆ ಅದು ದಂಡಯಾತ್ರೆಯಂತೆ ಕಾಣುತ್ತಿದ್ದಿತು. ಈ ಭ್ರಾಂತಿಯಿಂದಲೇ ಯುದ್ಧವು ಹುಟ್ಟಬಹುದೆಂಬ ಅಂಜಿಕೆಯು ಇಬ್ಬರಿಗೂ ಸಮಾನವಾಗಿದ್ದಿತು. ೧೯೭೫ ಆಗಸ್ಟ್ ೧ರಂದು ಫಿನ್ಲೆಂಡಿನ ಹೆಲ್ಸಿಂಕಿ ನಗರದಲ್ಲಿ ೩೫ ರಾಷ್ಟ್ರಗಳು ಒಪ್ಪಿದ ಅಂತಿಮಪತ್ರದಲ್ಲಿ ಇದಕ್ಕೊಂದು ಪರಿಹಾರವು ಕಾಣಿಸಿಕೊಂಡಿತು. ೨೫,೦೦೦ಕ್ಕೆ ಮೀರಿದ ಸೈನಿಕರು ಸೇರುವ ಅಭ್ಯಾಸವನ್ನು ೨೧ ದಿನ ಮುಂಚಿತವಾಗಿ ನೆರೆಯವರಿಗೆ ತಿಳಿಸತಕ್ಕುದೆಂಬುದೇ ಅದರ ಸಾರ. ಇದಕ್ಕೆ ವಿಶ್ವಾಸವರ್ಧಕ ಕ್ರಮವೆಂದು ಹೆಸರಾಯಿತು. ಆಯುಧವನ್ನು ಕಡಿಮೆ ಮಾಡೆಂದು ಅದು ಹೇಳಲಿಲ್ಲ. ಮುರಿದವನಿಗೆ ದಂಡವನ್ನೂ ವಿಧಿಸಲಿಲ್ಲ. ಮೊದಲೇ ಹೇಳಿ ಮಾಡೆಂದಿತು, ಅಷ್ಟೇ.

ಈ ಅಲ್ಪವಾದ ಕಟ್ಟಳೆ ಎಲ್ಲಿಗೆ ಬೆಳೆಯಿತೆಂಬುದು ಗಮನಾರ್ಹ. ೧೯೮೬ರ ಸೆಪ್ಟೆಂಬರಿನಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಅವೇ ರಾಷ್ಟ್ರಗಳು ಆ ಎಣಿಕೆಯನ್ನು ೧೩,೦೦೦ ಸೈನಿಕರಿಗೆ ಇಳಿಸಿ, ಅವಧಿಯನ್ನು ೪೨ ದಿನಗಳಿಗೆ ಏರಿಸಿದುವು. ಮೇಲಾಗಿ, ಸಂದೇಹ ಬಂದವನು ಸ್ಥಳಕ್ಕೇ ಬಂದು ತಪಾಸಣೆ ಮಾಡಬಹುದೆಂಬುದನ್ನೂ ಒಪ್ಪಿದುವು. ಹನ್ನೊಂದು ವರ್ಷಗಳಲ್ಲಿ ಬರಿಯ ಮಾತು ತನಿಖೆಯ ಹಕ್ಕಿಗೆ ದಾರಿಮಾಡಿತು. ಮಾತಿನ ಸಂಧಿಯು ತನ್ನ ಹೊಣೆಯನ್ನು ತಾನೇ ಹೆತ್ತಿತೆಂದು ಹೇಳಬಹುದು.

೪

ಹೆಲ್ಸಿಂಕಿಯ ಸಮ್ಮೇಲನವೇ ೧೯೯೫ರಿಂದ ಯೂರೋಪಿನ ಭದ್ರತೆ ಮತ್ತು ಸಹಕಾರದ ಸಂಸ್ಥೆಯೆಂಬ ಹೆಸರನ್ನು ತಾಳಿ ವಿಯೆನ್ನಾ ನಗರದಲ್ಲಿ ನೆಲೆಸಿತು. ಅದರ ಸದಸ್ಯವಾದ ಎಸ್ಟೋನಿಯಾ ಎಂಬ ಚಿಕ್ಕ ದೇಶದಲ್ಲಿ ೨೦೦೭ರ ಏಪ್ರಿಲ್ ಕೊನೆಯಲ್ಲಿ ಹೊಸ ಬಗೆಯ ವಿಪತ್ತೊಂದು ಒದಗಿತು. ರಾಜಧಾನಿಯಾದ ತಾಲಿನ್ನಿನ ನಡುವಿನಲ್ಲಿದ್ದ ಸೋವಿಯತ್ ಸೈನಿಕನ ಕಂಚಿನ ಪ್ರತಿಮೆಯನ್ನು ಸರಕಾರದವರು ಸೈನಿಕಸ್ಮಶಾನಕ್ಕೆ ಸಾಗಿಸಿದರು. ಗಲಭೆಯಾಯಿತು. ಅದರೊಡನೆಯೇ ಸರಕಾರ, ಬ್ಯಾಂಕು, ವೃತ್ತಪತ್ರಿಕೆಗಳ ಗಣಕಗಳ ಮೇಲೆ ಹೊರಗಿನಿಂದ ಕೃತಕವಾದ ಬೇಡಿಕೆಗಳ ಮಹಾಪೂರವು ಹರಿದುಬಂದು, ಸುಮಾರು ಮೂರು ವಾರಗಳ ಕಾಲ ಅವುಗಳ ವ್ಯವಹಾರವು ಪದೇಪದೇ ಕೆಟ್ಟಿತು. ರಷ್ಯವು ತನಗೆ ಇದರೊಡನೆ ಸಂಬಂಧವಿಲ್ಲವೆಂದಿತು. ೨೦೦೮ರಲ್ಲಿ ನ್ಯಾಯಸ್ಥಾನದಿಂದ ಜುಲ್ಮಾನೆಗೊಳಗಾದವನು ಒಬ್ಬ ವಿದ್ಯಾರ್ಥಿ ಮಾತ್ರ. ಇಂಥ ಪೆಟ್ಟಿಗೆ ಕರ್ತೃಪದವನ್ನು ಹುಡುಕುವುದೇ ಮೊದಲ ಕಷ್ಟವೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಇದು ಕರ್ಮಣಿಪ್ರಯೋಗದ ಯುದ್ಧ: ಕೆಡಿಸಲ್ಪಟ್ಟಿತೆನ್ನಬಹುದು, ಕೆಡಿಸಿದವನ ಹೆಸರು ವಾಕ್ಯದಲ್ಲಿಲ್ಲ.

ವಿಯೆನ್ನಾದ ಸಂಸ್ಥೆಯು ೨೦೧೨ರಲ್ಲಿ ಈ ವಿಷಯಕ್ಕಾಗಿ ಒಂದು ಕಾರ್ಯಸಮಿತಿಯನ್ನು ನೇಮಿಸಿ, ೨೦೧೩ ಡಿಸೆಂಬರ್ ೩ರಂದು ೧೧ ವಿಶ್ವಾಸವರ್ಧಕ ಕ್ರಮಗಳನ್ನು ಅಂಗೀಕರಿಸಿತು. ೨೦೧೬ ಮಾರ್ಚಿನಲ್ಲಿ ಅವು ೧೬ ಆದುವು. ಅವುಗಳನ್ನು ಒಪ್ಪಿದ ೫೭ ರಾಷ್ಟ್ರಗಳಲ್ಲಿ ಅಮೆರಿಕ, ರಷ್ಯ, ಎಸ್ಟೋನಿಯಾ, ಉಕ್ರೇನ್ ಎಲ್ಲವೂ ಇದ್ದುವು. ಕ್ರಮಗಳೆಲ್ಲ ಸ್ವೇಚ್ಛೆಯಿಂದ ಆಚರಿಸತಕ್ಕುವು. ಅಪಾಯಗಳ ವಿಷಯದಲ್ಲಿ ತಮ್ಮ ತಮ್ಮ ಅಭಿಪ್ರಾಯವನ್ನು ಹಂಚಿಕೊಳ್ಳುವುದು, ತಪ್ಪು ತಿಳಿವಳಿಕೆ ಉಂಟಾಗುವಂತಿದ್ದರೆ ಕೂಡಿ ಸಮಾಲೋಚಿಸುವುದು, ವಿಪತ್ಕಾಲದಲ್ಲಿ ಉತ್ತರ ಕೊಡತಕ್ಕ ಅಧಿಕಾರಿ ಯಾರೆಂಬುದನ್ನು ಮೊದಲೇ ತಿಳಿಸಿಡುವುದು, ಇವು ಅವುಗಳಲ್ಲಿ ಮುಖ್ಯವಾದುವು.

ಭಾಷೆಯನ್ನು ಬೋಧಿಸುವವರಿಗೆ ಒಂಬತ್ತನೆಯ ಕ್ರಮವು ವಿಶೇಷವಾಗಿ ರುಚಿಸುವುದು. ಎಲ್ಲರೂ ಒಪ್ಪಿದ ಪರಿಭಾಷೆಯಿಲ್ಲದುದರಿಂದ, ಪ್ರತಿಯೊಂದು ರಾಷ್ಟ್ರವೂ ತಾನು ಬಳಸುವ ಶಬ್ದಗಳ ಪಟ್ಟಿಯನ್ನು ಅರ್ಥಸಹಿತವಾಗಿ ಇತರರಿಗೆ ಕೊಡಬೇಕೆಂದು ಅದು ಹೇಳುತ್ತದೆ. ಇದು ವ್ಯರ್ಥವಾದ ಶಬ್ದಚರ್ಚೆಯಲ್ಲ. ಪಾಶ್ಚಾತ್ಯರು ಸೈಬರ್ ಭದ್ರತೆಯೆಂದಾಗ ಯಂತ್ರ, ಜಾಲ, ಅವುಗಳೊಳಗಿನ ದತ್ತಾಂಶ ಇವುಗಳ ರಕ್ಷಣೆಯನ್ನು ಉದ್ದೇಶಿಸುತ್ತಾರೆ. ರಷ್ಯ ಚೀನಗಳು ಮಾಹಿತಿಭದ್ರತೆಯೆಂದಾಗ ಆ ಜಾಲದಲ್ಲಿ ಹರಿಯುವ ಮಾತಿನ ನಿಯಂತ್ರಣವೂ ಅದರಲ್ಲಡಗಿರುತ್ತದೆ. ಶಬ್ದವೊಂದು ಎರಡರ್ಥಗಳಲ್ಲಿ ನಿಂತರೆ ಸಂಧಿಪತ್ರವು ಶ್ಲೇಷಕಾವ್ಯವಾಗುತ್ತದೆ. ಶ್ಲೇಷವು ಕವಿಗೆ ಭೂಷಣ, ರಾಯಭಾರಿಗೆ ಅನರ್ಥ.

೫

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ೨೦೧೫ರ ಜುಲೈಯಲ್ಲಿ ವಿಶ್ವಸಂಸ್ಥೆಯ ತಜ್ಞಮಂಡಲಿಯು ಶಾಂತಿಕಾಲದಲ್ಲಿ ರಾಷ್ಟ್ರಗಳು ಪಾಲಿಸತಕ್ಕ ೧೧ ನಿಯಮಗಳನ್ನು ಹೇಳಿತು. ಪರರಾಷ್ಟ್ರದ ಜೀವನಾಧಾರವಾದ ವ್ಯವಸ್ಥೆಗಳನ್ನು ತಿಳಿದುತಿಳಿದು ಕೆಡಿಸಕೂಡದೆಂಬುದು ಅವುಗಳಲ್ಲೊಂದು. ಗಣಕವಿಪತ್ತನ್ನು ಪರಿಹರಿಸಲು ನಿಂತ ತುರ್ತುತಂಡಗಳಿಗೆ ಹಾನಿಮಾಡಕೂಡದು, ಅವುಗಳನ್ನು ಕೇಡಿಗೆ ಬಳಸಲೂಕೂಡದೆಂಬುದು ಮತ್ತೊಂದು. ದೂತನನ್ನು ಕೊಲ್ಲಕೂಡದೆಂಬ ನಮ್ಮ ನೀತಿಶಾಸ್ತ್ರಗಳ ನಿಯಮಕ್ಕೆ ಇದು ದಾಯಾದಿ. ಹೀಗೆ ಹೇಳಿ ಸುಮಾರು ಐದು ತಿಂಗಳಾಗುವಷ್ಟರಲ್ಲಿ, ಡಿಸೆಂಬರ್ ೨೩ರಂದು, ಉಕ್ರೇನಿನ ಮೂರು ವಿದ್ಯುತ್ ಸಂಸ್ಥೆಗಳ ಗಣಕಗಳೊಳಕ್ಕೆ ನುಸುಳಿದವರು ಸುಮಾರು ೨,೨೫,೦೦೦ ಗ್ರಾಹಕರಿಗೆ ಚಳಿಗಾಲದಲ್ಲಿ ಕೆಲವು ಗಂಟೆಗಳ ಕಾಲ ಬೆಳಕಿಲ್ಲದಂತೆ ಮಾಡಿದರು. ಈ ಕೃತ್ಯವೂ ಸೇರಿದಂತೆ ಹಲವು ಕೃತ್ಯಗಳಿಗಾಗಿ ರಷ್ಯದ ಸೈನಿಕ ಗೂಢಚಾರಶಾಖೆಯ ಆರು ಮಂದಿ ಅಧಿಕಾರಿಗಳ ಮೇಲೆ ಅಮೆರಿಕದ ನ್ಯಾಯಖಾತೆಯು ಆರೋಪಪತ್ರವನ್ನು ಪ್ರಕಟಿಸಿದುದು ೨೦೨೦ ಅಕ್ಟೋಬರಿನಲ್ಲಿ. ರಷ್ಯವು ಅದನ್ನು ನಿರಾಕರಿಸಿತು. ಹಾಗಾದರೆ ಪೂರ್ವಾಚಾರ್ಯರ ಮತವೇ ಗೆದ್ದಂತಾಯಿತಲ್ಲವೆ? ಮಾತು ಚಲವಲ್ಲವೆ?

ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಬಿಡುವುದು ಪ್ರಾಮಾಣಿಕತೆಯಲ್ಲ. ಕತ್ತಲಲ್ಲಿ ಕುಳಿತ ಮನೆಗಳವರಿಗೆ ವಿಯೆನ್ನಾದ ಹನ್ನೊಂದು ಕ್ರಮಗಳೂ ವಿಶ್ವಸಂಸ್ಥೆಯ ಹನ್ನೊಂದು ನಿಯಮಗಳೂ ಒಂದು ಹಣತೆಯನ್ನೂ ಹಚ್ಚಲಿಲ್ಲ. ಆದರೂ ಮುಂದೆ ನಡೆದುದನ್ನು ನೋಡಬೇಕು. ೨೦೨೨ ಫೆಬ್ರವರಿ ೨೪ರಂದು, ರಷ್ಯದ ಸೈನ್ಯವು ಉಕ್ರೇನಿನೊಳಕ್ಕೆ ನುಗ್ಗಿದ ದಿನವೇ, ಉಪಗ್ರಹದ ಮೂಲಕ ನಡೆಯುವ ಜಾಲವೊಂದರ ಮೇಲೆ ಪೆಟ್ಟುಬಿದ್ದು ಯೂರೋಪಿನಾದ್ಯಂತ ಸಂಪರ್ಕವು ಕಡಿಯಿತು. ಜರ್ಮನಿಯ ಸುಮಾರು ೫,೮೦೦ ಗಾಳಿಯಂತ್ರಗಳ ದೂರನಿಯಂತ್ರಣವೂ ನಿಂತಿತು. ಮೂರು ತಿಂಗಳು ತುಂಬುವ ಮೊದಲೇ, ಮೇ ೧೦ರಂದು, ಯೂರೋಪಿಯನ್ ಒಕ್ಕೂಟವು ರಷ್ಯವನ್ನು ಹೆಸರಿಸಿತು. ಹೆಸರಿಸುವಾಗ, ರಷ್ಯವೂ ಸೇರಿ ವಿಶ್ವಸಂಸ್ಥೆಯ ಎಲ್ಲ ಸದಸ್ಯರೂ ಒಪ್ಪಿಕೊಂಡಿದ್ದ ನಡವಳಿಕೆಗೆ ಇದು ವಿರುದ್ಧವೆಂಬುದನ್ನೇ ಆಧಾರವಾಗಿಟ್ಟುಕೊಂಡಿತು. ೨೦೦೭ರಲ್ಲಿ ಎಸ್ಟೋನಿಯಾದವರಿಗೆ ಈ ಆಧಾರವಿರಲಿಲ್ಲ. ವಿಧಿಯಿಲ್ಲದೆಡೆಯಲ್ಲಿ ಅತಿಕ್ರಮವೆಂಬ ಶಬ್ದಕ್ಕೆ ಅರ್ಥವೇ ಇಲ್ಲ. ಕೊಟ್ಟ ಮಾತು ಪೆಟ್ಟನ್ನು ತಡೆಯಲಿಲ್ಲ, ನಿಜ. ಪೆಟ್ಟನ್ನು ಅಪರಾಧವೆಂದು ಕರೆಯುವ ಅಧಿಕಾರವನ್ನು ಕೊಟ್ಟಿತು.

೬

ಪೂರ್ವದಿಕ್ಕಿನ ಚರಿತ್ರೆಯನ್ನೂ ಇಲ್ಲಿ ಸ್ಮರಿಸಬೇಕು. ಏಕೆಂದರೆ ಅದರಲ್ಲಿ ನಮ್ಮ ದೇಶವೂ ಭಾಗಿ. ೧೯೯೪ರಲ್ಲಿ ಬ್ಯಾಂಕಾಕಿನಲ್ಲಿ ಮೊದಲು ಸೇರಿದ ಆಸಿಯಾನ್ ಪ್ರಾದೇಶಿಕ ವೇದಿಕೆಗೆ ಭಾರತವು ೧೯೯೬ರಲ್ಲಿ ಸೇರಿತು. ಅಮೆರಿಕ, ಚೀನ, ರಷ್ಯಗಳು ಅದರಲ್ಲಿದ್ದುವು. ಉತ್ತರಕೊರಿಯವು ೨೦೦೦ದಲ್ಲಿಯೂ ಪಾಕಿಸ್ತಾನವು ೨೦೦೪ರಲ್ಲಿಯೂ ಬಂದುವು. ತಮ್ಮೊಳಗೆ ಬಗೆಹರಿಯದ ವ್ಯಾಜ್ಯವುಳ್ಳವರೇ ಹೆಚ್ಚಾಗಿ ಕೂಡುವ ಸಭೆ ಇದು. ಮೊದಲು ವಿಶ್ವಾಸ, ಬಳಿಕ ನಿವಾರಣೆ, ಕೊನೆಗೆ ವ್ಯಾಜ್ಯಗಳ ಪರಿಹಾರದ ಯತ್ನ ಎಂಬ ಮೂರು ಮೆಟ್ಟಿಲುಗಳನ್ನು ೧೯೯೫ರಲ್ಲಿಯೇ ಅದು ಗೊತ್ತುಮಾಡಿಕೊಂಡಿತು. ಗಣಕಜಾಲದ ಮೇಲಣ ಆಕ್ರಮಣವನ್ನು ಕುರಿತು ೨೦೦೬ರಲ್ಲಿ ಅದು ಹೇಳಿಕೆಯೊಂದನ್ನು ಹೊರಡಿಸಿತು. ೨೦೧೫ರಲ್ಲಿ ಕಾರ್ಯಯೋಜನೆಯನ್ನು ಒಪ್ಪಿತು. ೨೦೧೮ರ ಸೆಪ್ಟೆಂಬರಿನಲ್ಲಿ ಆಸಿಯಾನಿನ ಸಚಿವರು ಮೇಲೆ ಹೇಳಿದ ೧೧ ನಿಯಮಗಳನ್ನು ತತ್ತ್ವತಃ ಅಂಗೀಕರಿಸಿದರು. ವೇಗದಲ್ಲಿ ಇದು ಎತ್ತಿನ ಬಂಡಿ. ಆದರೆ ಒಬ್ಬರನ್ನೊಬ್ಬರು ನಂಬದವರು ಒಂದೇ ಬಂಡಿಯಲ್ಲಿ ಕುಳಿತು ಸಾಗಿದುದನ್ನು ಅಲ್ಪವೆನ್ನಲಾಗದು.

೭

ಇನ್ನು ಸಿದ್ಧಾಂತ. ಒತ್ತೆಗೆ ಎಡೆಯಿಲ್ಲದ ಈ ಕ್ಷೇತ್ರದಲ್ಲಿ ಮಾತಿನ ಸಂಧಿಯೇ ಗತಿಯೆಂಬುದು ಸ್ಪಷ್ಟ. ಆದರೆ ಕೌಟಿಲ್ಯನ ಮತವನ್ನು ಯಥಾವತ್ತಾಗಿ ಇಲ್ಲಿಗೆ ತರಲಾಗದು. ಅವನು ಮಾತಿನ ಸ್ಥೈರ್ಯಕ್ಕೆ ಪರಲೋಕವನ್ನೂ ಆಧಾರವಾಗಿ ಹೇಳಿದನು. ಇಂದಿನ ರಾಷ್ಟ್ರಗಳಿಗೆ ಪರಲೋಕದ ಭಯವಿಲ್ಲ. ಉಳಿದಿರುವುದು ಅಪಕೀರ್ತಿಯ ಭಯ. ಅಪಕೀರ್ತಿಗಾದರೋ ಮಾತು ಬಹಿರಂಗವಾಗಿರಬೇಕು, ಶಬ್ದಗಳ ಅರ್ಥ ನಿಶ್ಚಿತವಾಗಿರಬೇಕು, ಕೇಳಿದಾಗ ಉತ್ತರಕೊಡುವವನು ಒಬ್ಬನಿರಬೇಕು. ಈ ಮೂರು ಇದ್ದಲ್ಲಿ ಮಾತು ಸ್ಥಾವರವಾಗತೊಡಗುತ್ತದೆ. ಇಲ್ಲದಲ್ಲಿ ಚಲವಾಗಿಯೇ ಉಳಿಯುತ್ತದೆ. ಹೆಲ್ಸಿಂಕಿಯಲ್ಲಿ ಮೊದಲನೆಯದು ಹುಟ್ಟಿತು. ವಿಯೆನ್ನಾದಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ಅಡಿಗಲ್ಲು ಬಿದ್ದಿತು. ೨೦೨೪ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯು ಎಲ್ಲ ರಾಷ್ಟ್ರಗಳಿಗೂ ತೆರೆದ ಸಂಪರ್ಕಾಧಿಕಾರಿಗಳ ಸೂಚಿಯೊಂದನ್ನು ಆರಂಭಿಸಿತು; ೨೦೨೫ರ ಜುಲೈಯಲ್ಲಿ ಸದಸ್ಯರು ಈ ಸಂವಾದಕ್ಕೆ ಶಾಶ್ವತವಾದ ವ್ಯವಸ್ಥೆಯನ್ನು ಏರ್ಪಡಿಸಲು ಒಮ್ಮತದಿಂದ ಒಪ್ಪಿದರು. ಯುದ್ಧವು ನಡೆಯುತ್ತಿದ್ದಾಗಲೇ ರಷ್ಯವೂ ಉಕ್ರೇನೂ ಸದಸ್ಯರಾಗಿರುವ ಸಭೆಯಲ್ಲಿ ಆ ಒಮ್ಮತವುಂಟಾಯಿತೆಂಬುದನ್ನು ಮರೆಯಬಾರದು.

ಆದುದರಿಂದ ಚಲ, ಸ್ಥಾವರ ಎಂಬುವು ಸಂಧಿಯ ಎರಡು ಜಾತಿಗಳೆಂದು ತಿಳಿಯುವುದಕ್ಕಿಂತ ಒಂದೇ ಸಂಧಿಯ ಎರಡು ಅವಸ್ಥೆಗಳೆಂದು ತಿಳಿಯುವುದು ಯುಕ್ತವೆಂದು ನನ್ನ ಅಭಿಪ್ರಾಯ. ೧೯೭೫ರ ಮಾತು ೧೯೮೬ರಲ್ಲಿ ತನಿಖೆಯಾಗಿ ಪಕ್ವವಾಯಿತು. ೨೦೧೫ರ ಮಾತು ಇನ್ನೂ ಹಸಿಯಾಗಿದೆ. ಅದು ಮಾಗುವ ಮುನ್ನ ಎಷ್ಟು ಮನೆಗಳು ಕತ್ತಲೆಯಲ್ಲಿ ಕೂರಬೇಕಾದೀತೆಂಬುದನ್ನು ಶಾಸ್ತ್ರವು ಹೇಳಲಾರದು. ಮಾತನ್ನು ಕೊಟ್ಟವರ ನಡವಳಿಕೆಯೇ ಹೇಳಬೇಕು.