ಕನ್ನೋಶಿಕಿ

ಟೋಕಿಯೋದ ನಿಶಿ ಕಸಾಯಿಯಲ್ಲಿ ನೆಲೆಸಿ ಗಾಡಿ ಓಡಿಸುವ ಕನ್ನಡಿಗರು ಬೇಗ ಗುರುತು ಹಿಡಿಯಬೇಕಾದ ಪದ ‘ಕನ್ನೋಶಿಕಿ’. ಸಿಗ್ನಲ್ ಬಳಿಯ ಫಲಕದಲ್ಲಿ ಈ ಪದದ ಮೂರು ಜಪಾನಿ ಅಕ್ಷರಗಳಿದ್ದರೆ, ಬಂದು ನಿಂತ ವಾಹನವನ್ನು ಗ್ರಹಿಸಿ ದೀಪ ಬದಲಾಗುತ್ತದೆ ಎಂದರ್ಥ.

‘ಕನ್’ ಎಂದರೆ ಅನುಭವಕ್ಕೆ ಬರುವುದು, ‘ಓ’ ಎಂದರೆ ಓಗೊಡುವುದು, ‘ಶಿಕಿ’ ಎಂದರೆ ಬಗೆ. ಕನ್ ಮುಂದೆ ಓ ಬಂದಾಗ ನಕಾರ ಇಮ್ಮಡಿಸಿ ‘ಕನ್ನೋ’ ಆಗುತ್ತದೆ. ನಮ್ಮ ‘ಕಣ್’ ಮುಂದೆ ‘ಅಲ್ಲಿ’ ಸೇರಿ ‘ಕಣ್ಣಲ್ಲಿ’ ಆಗುವ ಹಾಗೆ. ಬೌದ್ಧರಲ್ಲಿ ‘ಕನ್ನೋ’ ಹಳೆಯ ಮಾತು: ಜೀವಿಯ ಮೊರೆ, ಅದಕ್ಕೆ ಬುದ್ಧನ ಓಗೊಡುವಿಕೆ. ಅಂಥ ಪದ ಬೀದಿಯ ಕಂಬಕ್ಕೆ ಇಳಿದುಬಂದದ್ದು ನನಗೆ ತುಂಬ ಇಷ್ಟ. ಸಿಗ್ನಲ್ ಎಂಜಿನಿಯರುಗಳೂ ವಾಹನದಿಂದ ಬರುವ ಸೂಚನೆಯನ್ನು ‘ಕಾಲ್’, ಅಂದರೆ ಕರೆ, ಎಂದೇ ಕರೆಯುತ್ತಾರೆ.

ಆ ಕರೆ ತಲುಪುವ ಬಗೆ ಸರಳ. ಜಪಾನಿನಲ್ಲಿ ರಸ್ತೆಯ ಮೇಲೆ ತೂಗುವ ಸಂವೇದಕ ಕೆಳಮುಖವಾಗಿ ಶ್ರವಣಾತೀತ ಧ್ವನಿ ಬಿಡುತ್ತದೆ. ಕಾರಿನ ಮಾಡಿಗೆ ಬಡಿದ ಪ್ರತಿಧ್ವನಿ ನೆಲದಿಂದ ಬರುವುದಕ್ಕಿಂತ ಬೇಗ ಮರಳುತ್ತದೆ. ಹೀಗೆ ಗ್ರಹಿಸಿದ್ದನ್ನು ನಿಯಂತ್ರಕಕ್ಕೆ ಮುಟ್ಟಿಸುವ ಹಳೆಯ, ನೆಚ್ಚಿನ ದಾರಿಯೆಂದರೆ ರಿಲೇ: ಎರಡು ತಂತಿಗಳ ತುದಿ ಕೂಡಿದರೆ ವಾಹನವಿದೆ, ಬಿಟ್ಟರೆ ಇಲ್ಲ. ಸಂವೇದಕದ ವಿದ್ಯುತ್ ಹೋದಾಗ ತುದಿಗಳು ಕೂಡಿಯೇ ಇರುವಂತೆ ಜೋಡಿಸುವುದು ಲೇಸು; ಆಗ ಯಾರೂ ಕೆಂಪು ದೀಪದೆದುರು ಕೊನೆಯಿಲ್ಲದೆ ಕಾಯಬೇಕಾಗುವುದಿಲ್ಲ.

ಸೈಕಲ್, ಬೈಕುಗಳು ಸಂವೇದಕದ ಕಣ್ಣಿಗೆ ಬೀಳದೇ ಹೋಗಬಹುದು. ಅದಕ್ಕಾಗಿ ಕೆಲವೆಡೆ ರಸ್ತೆಯಂಚಿನಲ್ಲಿ ದ್ವಿಚಕ್ರದವರಿಗೆಂದೇ ಒತ್ತುಗುಂಡಿ ಇಟ್ಟಿರುತ್ತಾರೆ. ಒತ್ತಿದರೆ ‘ಒಮಾಚಿ ಕುದಸಾಯ್’, ಅಂದರೆ ‘ದಯವಿಟ್ಟು ಕಾಯಿರಿ’, ಎಂಬ ಅಕ್ಷರ ಬೆಳಗುತ್ತದೆ.