ಮೊದಲು ಸ್ಪೀಕರ್, ಆಮೇಲೆ ಆಂಪ್ಲಿಫೈಯರ್: ಒಂದು ಜೋಡಿಯ ನೂರು ವರ್ಷ

ಈಚೆಗೆ ನಮ್ಮ ಅಕ್ಕಲಕೋಟೆ ಕಡೆಯ ಅನೇಕ ಮನೆಗಳಲ್ಲಿ ಟವರ್ ಸ್ಪೀಕರುಗಳು ಕಾಣಿಸುತ್ತಿವೆ. ಹುಡುಗರ ಎದೆಮಟ್ಟ ಬರುವ, ನೆಲದ ಮೇಲೇ ನಿಲ್ಲುವ ಎರಡು ಉದ್ದನೆಯ ಪೆಟ್ಟಿಗೆಗಳು. ಪುಣೆ, ಮುಂಬಯಿಗೆ ದುಡಿಯಲು ಹೋದ ಹಳೆಯ ವಿದ್ಯಾರ್ಥಿಗಳು ಕಲಿತ ಶಾಲೆಗೂ ಇಂಥದೊಂದು ಜೋಡಿ ಕೊಡಿಸುವ ಮಾತಾಡುತ್ತಾರೆ. ಸಂತೋಷವೇ. ಆದರೆ ಸ್ಪೀಕರ್ ಬಂದ ಮರುದಿನ ಪ್ರಶ್ನೆ ಏಳುತ್ತದೆ: ಇದಕ್ಕೆ ಎಂಥ ಆಂಪ್ಲಿಫೈಯರ್ ತರಬೇಕು? ಅಂಗಡಿಯವರ ಉತ್ತರ ಒಂದೇ, ವ್ಯಾಟ್. ಹೆಚ್ಚು ವ್ಯಾಟ್ ಎಂದರೆ ಹೆಚ್ಚು ಸದ್ದು, ಹೆಚ್ಚು ರೂಪಾಯಿ. ಪಾಲಕರು ನೂರು, ಇನ್ನೂರು ಎಂದು ಕೂಡಿಸಿಕೊಟ್ಟ ವಂತಿಗೆಯ ಹಣವನ್ನು ಈ ಒಂದು ಅಂಕಿ ನಂಬಿ ಕೊಟ್ಟುಬಿಡಬಹುದೇ?

ಸ್ಪೀಕರ್ ಮತ್ತು ಆಂಪ್ಲಿಫೈಯರ್ ಎರಡೂ ನೂರು ವರ್ಷಗಳಿಂದ ಒಂದರ ಬಲ ನೋಡಿಕೊಂಡು ಇನ್ನೊಂದು ಬದಲಾಗುತ್ತ ಬಂದಿವೆ. ಆಂಪ್ಲಿಫೈಯರ್ ಬಡಕಲಾಗಿದ್ದಾಗ ಸ್ಪೀಕರ್ ಚುರುಕಾಗಿತ್ತು. ಆಂಪ್ಲಿಫೈಯರಿಗೆ ಶಕ್ತಿ ಬಂದ ಮೇಲೆ ಸ್ಪೀಕರ್ ಸೋಮಾರಿಯಾಯಿತು. ಈ ಕಥೆ ಗೊತ್ತಿದ್ದರೆ ಪೆಟ್ಟಿಗೆಯ ಹಿಂಬದಿಗೆ ಬರೆದಿರುವುದನ್ನು ನಾವೇ ಓದಿಕೊಳ್ಳಬಹುದು.

ಅಮೆರಿಕದಲ್ಲಿ ಲೀ ಡಿ ಫಾರೆಸ್ಟ್ 1906ರಲ್ಲಿ ಮೂರು ಭಾಗಗಳ ವಾಲ್ವ್ ಮಾಡಿದ ಮೇಲೆ ಸಣ್ಣ ವಿದ್ಯುತ್ ಸಂಕೇತವನ್ನು ದೊಡ್ಡದು ಮಾಡುವ ದಾರಿ ತೆರೆಯಿತು. 1915ರಲ್ಲಿ ಕ್ಯಾಲಿಫೋರ್ನಿಯಾದ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ 'ಮ್ಯಾಗ್ನವಾಕ್ಸ್' ಎಂಬ ಧ್ವನಿವರ್ಧಕ ಮಾಡಿದರು. 1919ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯೇಗೋದಲ್ಲಿ ಸುಮಾರು 50,000 ಜನರ ಎದುರು ಇದೇ ಯಂತ್ರದಿಂದ ಮಾತಾಡಿದರು. ಅದು ಹಾರ್ನ್ ಸ್ಪೀಕರ್. ನಮ್ಮ ಜಾತ್ರೆಗಳಲ್ಲಿ ಗಿಡಕ್ಕೆ ಕಟ್ಟುತ್ತೇವಲ್ಲ, ಆ ಕರ್ಣಾದ ಪೂರ್ವಜ ಅನ್ನಿ.

ಈಗಿನ ಸ್ಪೀಕರಿನ ನಿಜವಾದ ಮೂಲ 1925ರದು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಕಾಗದದ ಶಂಕು, ಅದಕ್ಕೆ ತಂತಿಯ ಸುರುಳಿ, ಸುತ್ತ ಅಯಸ್ಕಾಂತ ಇರುವ ಸ್ಪೀಕರಿನ ಲೆಕ್ಕ ಬಿಡಿಸಿ ಪ್ರಬಂಧ ಓದಿದರು. ಇಂದಿಗೂ ನಿಮ್ಮ ಟವರಿನೊಳಗೆ ಇರುವುದು ಅದೇ ವಿನ್ಯಾಸ! ಅವರ ಸ್ಪೀಕರನ್ನು 'ರೇಡಿಯೋಲಾ 104' ಹೆಸರಿನಲ್ಲಿ ಮಾರಿದಾಗ ಆಂಪ್ಲಿಫೈಯರನ್ನೂ ಅದೇ ಪೆಟ್ಟಿಗೆಯೊಳಗೆ ಕೂರಿಸಿದ್ದರು. ಅಂದಿನ ರೇಡಿಯೋಗಳಿಗೆ ಅದನ್ನು ಅಲುಗಾಡಿಸುವಷ್ಟು ಬಲವಿರಲಿಲ್ಲ. ಒಳಗಿದ್ದ ಆಂಪ್ಲಿಫೈಯರಿನ ಬಲ ಸುಮಾರು ಒಂದು ವ್ಯಾಟ್ ಮಾತ್ರ. ಜೋಡಿ ಹೊಂದಿಸುವ ಕೆಲಸವನ್ನು ಕಂಪನಿಯೇ ಮಾಡಿಕೊಟ್ಟಿತ್ತು, ಕೊಂಡವನಿಗೆ ತಲೆನೋವಿರಲಿಲ್ಲ.

ಮುಂದೆ ಮಾತಾಡುವ ಸಿನಿಮಾ ಬಂತು. ಸಾವಿರಾರು ಜನ ಕೂಡುವ ಥಿಯೇಟರ್ ತುಂಬಬೇಕು, ವಾಲ್ವ್ ಆಂಪ್ಲಿಫೈಯರ್ ಕೊಡುವುದು ಕೆಲವೇ ವ್ಯಾಟ್. ಹೀಗಾಗಿ ಪರದೆಯ ಹಿಂದೆ ಆಳೆತ್ತರದ ಹಾರ್ನುಗಳನ್ನಿಟ್ಟರು. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಹೊಲದಾಚೆ ಕೂಗುತ್ತೇವಲ್ಲ, ತತ್ವ ಅದೇ. ಶಕ್ತಿ ಹೆಚ್ಚುವುದಿಲ್ಲ, ಇದ್ದ ಶಕ್ತಿ ಪೋಲಾಗದೆ ಗಾಳಿಗೆ ಸೇರುತ್ತದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ತೆರೆಕಂಡಿದ್ದು ಇಂಥ ಕಾಲದಲ್ಲೇ. (ಅದರ ಚಿತ್ರೀಕರಣ ಕೊಲ್ಲಾಪುರದಲ್ಲಿ ನಡೆಯಿತು ಎಂಬುದನ್ನು ಗಡಿಯಾಚೆಯ ನಮ್ಮ ಮಕ್ಕಳಿಗೆ ಹೇಳಲು ಮರೆಯಬೇಡಿ.) ಇದೇ ದಾರಿ ಹಿಡಿದ ಪಾಲ್ ಕ್ಲಿಪ್ಷ್ 1946ರಲ್ಲಿ ಮನೆಗಾಗಿ 'ಕ್ಲಿಪ್ಷ್‌ಹಾರ್ನ್' ಮಾಡಲು ಶುರುಮಾಡಿದರು. ಕೋಣೆಯ ಮೂಲೆಗೆ ಒತ್ತಿ ಇಡಬೇಕಾದ ಸ್ಪೀಕರ್ ಅದು. ಎರಡು ಗೋಡೆಗಳೇ ಹಾರ್ನಿನ ಮುಂದುವರಿದ ಬಾಯಿ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ದಾಟುತ್ತಿತ್ತು.

ಇತ್ತ ಆಂಪ್ಲಿಫೈಯರ್ ಕೂಡ ಸುಧಾರಿಸುತ್ತಿತ್ತು. 1927ರ ಆಗಸ್ಟ್ 2ರಂದು ಹೆರಾಲ್ಡ್ ಬ್ಲ್ಯಾಕ್ ಎಂಬ ಬೆಲ್ ಲ್ಯಾಬ್ಸ್ ಎಂಜಿನಿಯರ್ ದೋಣಿಯಲ್ಲಿ ಹಡ್ಸನ್ ನದಿ ದಾಟಿ ಕೆಲಸಕ್ಕೆ ಹೋಗುವಾಗ ಹೊಳೆದ ಉಪಾಯವನ್ನು ಕೈಯಲ್ಲಿದ್ದ ದಿನಪತ್ರಿಕೆಯ ಮೇಲೇ ಗೀಚಿಕೊಂಡ. ಹೊರಬಂದ ಸಂಕೇತದ ಒಂದು ಪಾಲನ್ನು ತಿರುಗಿಸಿ ಒಳಗೆ ಕೊಟ್ಟರೆ ಆಂಪ್ಲಿಫೈಯರ್ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಇದನ್ನೇ ಬಳಸಿ 1947ರಲ್ಲಿ ಇಂಗ್ಲೆಂಡಿನ ವಿಲಿಯಮ್ಸನ್ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ 15 ವ್ಯಾಟಿನ ಆಂಪ್ಲಿಫೈಯರಿನ ನಕ್ಷೆ ಪ್ರಕಟಿಸಿದ. ಹವ್ಯಾಸಿಗಳು ಅದನ್ನು ನೋಡಿ ಮನೆಯಲ್ಲೇ ಕಟ್ಟಿಕೊಂಡರು. ಪೀಟರ್ ವಾಕರ್ ಅವರ 'ಕ್ವಾಡ್ 2' (1953) ಕೂಡ 15 ವ್ಯಾಟ್. ಮನೆಗೆ ಅಷ್ಟು ಧಾರಾಳವಾಯಿತು ಎಂದು ಎಲ್ಲರೂ ಒಪ್ಪಿದ್ದ ಕಾಲ ಅದು.

ಆ ಒಪ್ಪಿಗೆಯನ್ನು ಮುರಿದವರು ಒಬ್ಬ ಮೇಷ್ಟ್ರು! ಎಡ್ಗರ್ ವಿಲ್ಚರ್ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಧ್ವನಿಯ ಬಗ್ಗೆ ಪಾಠ ಮಾಡುತ್ತಿದ್ದರು. ಆಳವಾದ ಮಂದ್ರಸ್ವರ ಬೇಕೆಂದರೆ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ವಿಲ್ಚರ್ ಯೋಚಿಸಿದ್ದು ಹೀಗೆ: ಕಾಗದದ ಶಂಕುವನ್ನು ಹಿಡಿದಿಡುವ ಅಂಚು ಬಿಗಿಯಾಗಿರುವುದೇ ತೊಂದರೆ. ಅದನ್ನು ಸಡಿಲ ಬಿಟ್ಟು, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿದರೆ ಒಳಗಿನ ಗಾಳಿಯೇ ಸ್ಪ್ರಿಂಗಿನಂತೆ ಶಂಕುವನ್ನು ಹಿಂದಕ್ಕೆ ತಳ್ಳುತ್ತದೆ. ಸೈಕಲ್ ಪಂಪಿನ ತುದಿ ಮುಚ್ಚಿ ಹಿಡಿಕೆ ಒತ್ತಿ ನೋಡಿದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರಯೋಗಕ್ಕಾಗಿ ಹಳೆಯ ಸ್ಪೀಕರಿನ ಅಂಚು ಕತ್ತರಿಸಿ ಹಾಸಿಗೆಗೆ ಬಳಸುವ ಬಟ್ಟೆ ಹಾಕಿದರು, ಹೊಲಿಗೆ ಬಲ್ಲ ಪತ್ನಿ ರೋಸ್‌ಮೇರಿ ನೆರವಾದರು. ತರಗತಿಯ ವಿದ್ಯಾರ್ಥಿ ಹೆನ್ರಿ ಕ್ಲಾಸ್ ಜೊತೆ ಸೇರಿದ. ಗುರುಶಿಷ್ಯರು ಕಟ್ಟಿದ ಕಂಪನಿಯೇ ಅಕೂಸ್ಟಿಕ್ ರಿಸರ್ಚ್, ಮೊದಲ ಸ್ಪೀಕರ್ 1954ರ 'ಎಆರ್-1'. ಅಷ್ಟು ಸಣ್ಣ ಪೆಟ್ಟಿಗೆಯಿಂದ ಅಷ್ಟು ಆಳದ ಸ್ವರವನ್ನು ಜನ ಅಲ್ಲಿಯವರೆಗೆ ಕೇಳಿರಲಿಲ್ಲ.

ಬೆಲೆ ತೆತ್ತದ್ದು ಆಂಪ್ಲಿಫೈಯರ್. ಆ ಸಣ್ಣ ಪೆಟ್ಟಿಗೆ ವಿದ್ಯುತ್ತನ್ನು ಹೊಟ್ಟೆಬಾಕನಂತೆ ತಿನ್ನುತ್ತಿತ್ತು. ಕ್ಲಾಸ್ ಮುಂದೆ 1957ರಲ್ಲಿ ಗೆಳೆಯರೊಂದಿಗೆ ಕೆಎಲ್ಎಚ್ ಎಂಬ ಕಂಪನಿ ಮಾಡಿದ. ಆ ಹೆಸರಿನ ಕೊನೆಯ ಅಕ್ಷರ ಹಾಫ್‌ಮನ್ ಅವರದು. ಅವರ ಹೆಸರಿನಲ್ಲೇ ಒಂದು 'ಕಬ್ಬಿಣದ ನಿಯಮ' ಉಳಿದಿದೆ: ಸಣ್ಣ ಪೆಟ್ಟಿಗೆ, ಆಳದ ಸ್ವರ, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಸದ್ದು, ಈ ಮೂರರಲ್ಲಿ ಎರಡನ್ನು ಮಾತ್ರ ಕೇಳಬಹುದು. ನನ್ನ ದೃಷ್ಟಿಯಲ್ಲಿ ಸ್ಪೀಕರ್ ಕೊಳ್ಳುವವರಿಗೆ ಇದಕ್ಕಿಂತ ಉಪಯೋಗದ ವಾಕ್ಯ ಇನ್ನೊಂದಿಲ್ಲ. ಅಂಗೈಯಗಲದ ಪೆಟ್ಟಿಗೆಯಲ್ಲಿ ಡೊಳ್ಳಿನ ಗುಡುಗು ಬರುತ್ತದೆ ಎಂದು ಯಾರಾದರೂ ಹೇಳಿದರೆ ಈ ನಿಯಮ ನೆನಪಿಗೆ ಬರಲಿ.

1958ರ ಹೊತ್ತಿಗೆ ಸ್ಟೀರಿಯೋ ಧ್ವನಿಮುದ್ರಿಕೆಗಳು ಬಂದವು. ಎರಡು ಸ್ಪೀಕರ್ ಇಡಬೇಕಾದಾಗ ಯಾವ ಮನೆಯಲ್ಲಿ ಎರಡು ಕಪಾಟಿನಷ್ಟು ಜಾಗವಿರುತ್ತದೆ? ಸಣ್ಣ, ಹೊಟ್ಟೆಬಾಕ ಸ್ಪೀಕರುಗಳೇ ಗೆದ್ದವು. ಅದೇ ಸಮಯಕ್ಕೆ, 1947ರಲ್ಲಿ ಹುಟ್ಟಿದ್ದ ಟ್ರಾನ್ಸಿಸ್ಟರ್ 1960ರ ದಶಕದಲ್ಲಿ ಆಂಪ್ಲಿಫೈಯರಿಗೆ ಬಂದು ವ್ಯಾಟನ್ನು ಅಗ್ಗ ಮಾಡಿತು. 1967ರ 'ಕ್ವಾಡ್ 303' ಒಂದೊಂದು ಬದಿಗೆ 45 ವ್ಯಾಟ್ ಕೊಟ್ಟಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ವಾಲ್ವ್ ಆಂಪ್ಲಿಫೈಯರಿನ ಕೊನೆಗೆ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. ಅದರಲ್ಲಿ 4, 8, 16 ಓಮ್ ಎಂದು ಬೇರೆ ಬೇರೆ ತಂತಿಗಳು. ಸ್ಪೀಕರಿಗೆ ತಕ್ಕ ತಂತಿ ಸಿಕ್ಕಿಸಿದರೆ ಮುಗಿಯಿತು. ಟ್ರಾನ್ಸಿಸ್ಟರ್ ಬಂದ ಮೇಲೆ ಆ ಟ್ರಾನ್ಸ್‌ಫಾರ್ಮರ್ ಮಾಯವಾಯಿತು. ಹತ್ತನೇ ತರಗತಿಯ ಓಮನ ನಿಯಮ ನೆನಪಿಸಿಕೊಳ್ಳಿ: ರೋಧ ಅರ್ಧವಾದರೆ ಅದೇ ವೋಲ್ಟೇಜಿಗೆ ವಿದ್ಯುತ್ ಪ್ರವಾಹ ಎರಡು ಪಟ್ಟು. 8 ಓಮಿಗೆಂದು ಮಾಡಿದ ಆಂಪ್ಲಿಫೈಯರಿಗೆ 4 ಓಮಿನ ಸ್ಪೀಕರ್ ಹಚ್ಚಿದರೆ ಅದು ಬೆವರುತ್ತದೆ, ಸದ್ದು ಏರಿಸಿದರೆ ಸುಟ್ಟೂ ಹೋದೀತು. ಸ್ಪೀಕರಿನ ಮೇಲೆ 8 ಓಮ್ ಎಂದು ಬರೆದಿದ್ದರೂ ಕೆಲವು ಸ್ವರಗಳಲ್ಲಿ ಅದು 4ರ ಹತ್ತಿರ ಇಳಿಯುವುದುಂಟು.

ವ್ಯಾಟ್ ಅಗ್ಗವಾದ ಮೇಲೆ ಸುಳ್ಳೂ ಅಗ್ಗವಾಯಿತು. ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತು ಬರುವ ಬಲವನ್ನೇ ಜಾಹೀರಾತಿನಲ್ಲಿ ಹಾಕತೊಡಗಿದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ನಿಯಮ ತಂದು, ನಿರಂತರವಾಗಿ ಕೊಡಬಲ್ಲ ವ್ಯಾಟ್ ಎಷ್ಟು, ಎಷ್ಟು ಓಮಿಗೆ ಎಂಬುದನ್ನು ಹೇಳಲೇಬೇಕೆಂದಿತು. 2024ರಲ್ಲಿ ಅದನ್ನು ಮತ್ತೆ ಬಿಗಿಗೊಳಿಸಿದೆ. ನಮ್ಮಲ್ಲಿ 1990ರ ದಶಕದ ಟೇಪ್‌ರೆಕಾರ್ಡರುಗಳ ಮೇಲೆ 'ಪಿಎಂಪಿಒ' ಎಂದು ಸಾವಿರಗಟ್ಟಲೆ ವ್ಯಾಟ್ ಬರೆದಿರುತ್ತಿದ್ದುದು ನಿಮಗೆ ನೆನಪಿರಬಹುದು. ಆ ಅಕ್ಷರಗಳು ಕಂಡರೆ ಅಂಕಿಯನ್ನು ಓದಲೇಬೇಡಿ. 'ಆರ್‌ಎಂಎಸ್' ಎಷ್ಟು, 8 ಓಮಿಗೆ ಎಷ್ಟು, ಎರಡೂ ಬದಿ ಒಟ್ಟಿಗೆ ಓಡಿದಾಗ ಎಷ್ಟು ಎಂದು ಕೇಳಿ. ಇದಕ್ಕೆ ವಿರುದ್ಧ ಉದಾಹರಣೆಯೂ ಇದೆ. 1978ರಲ್ಲಿ ಬಂದ 'ನ್ಯಾಡ್ 3020' ತನ್ನನ್ನು ಕೇವಲ 20 ವ್ಯಾಟ್ ಎಂದು ಕರೆದುಕೊಂಡಿತು. ಕಡಿಮೆ ಓಮಿನ ಕಷ್ಟದ ಸ್ಪೀಕರುಗಳನ್ನೂ ನಡೆಸುವಷ್ಟು ಪ್ರವಾಹ ಕೊಡುತ್ತಿದ್ದುದರಿಂದ ಹೆಚ್ಚು ವ್ಯಾಟ್ ಬರೆದುಕೊಂಡವುಗಳ ಎದುರಿಗೂ ನಿಂತಿತು, ಅಗ್ಗದ ಬೆಲೆಗೆ ಲಕ್ಷಗಟ್ಟಲೆ ಮಾರಾಟವಾಯಿತು.

ಈಗ ನಮ್ಮ ಟವರ್ ಸ್ಪೀಕರಿಗೆ ಬರೋಣ. ಹಾಫ್‌ಮನ್ ನಿಯಮದ ಪ್ರಕಾರ ಅದರ ಉದ್ದ ದೇಹ ಬರೀ ಅಂದಕ್ಕಲ್ಲ. ಒಳಗೆ ಗಾಳಿಗೆ ಜಾಗ ಹೆಚ್ಚು, ಹೀಗಾಗಿ ಆಳದ ಸ್ವರವೂ ಸ್ವಲ್ಪ ಚುರುಕುತನವೂ ಒಟ್ಟಿಗೆ ಸಿಗುತ್ತವೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಮುಂದೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್, ಪೆಟ್ಟಿಗೆಯಲ್ಲಿ ಕೊಳವೆ ಇಟ್ಟರೆ ಅಳತೆ ಎಷ್ಟಿರಬೇಕೆಂದು ಲೆಕ್ಕ ಹಾಕಿಕೊಟ್ಟರು. ನಿಮ್ಮ ಸ್ಪೀಕರಿನ ಹಿಂದೆಯೋ ಮುಂದೆಯೋ ಇರುವ ತೂತು ಅದೇ. ದಯವಿಟ್ಟು ಇಲಿ ಹೋಗುತ್ತದೆಂದು ಬಟ್ಟೆ ತುರುಕಬೇಡಿ.

ಮೊದಲು ನೋಡಬೇಕಾದ ಅಂಕಿ ಸ್ಪೀಕರಿನ ಸೆನ್ಸಿಟಿವಿಟಿ. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂದು ಬರೆದಿರುತ್ತಾರೆ. 90 ಇರುವ ಸ್ಪೀಕರಿಗೆ 50 ವ್ಯಾಟ್ ಕೊಟ್ಟರೆ 107 ಡೆಸಿಬೆಲ್ ಬರುತ್ತದೆ. 87 ಇರುವುದಕ್ಕೆ ಅಷ್ಟೇ ಸದ್ದಿಗೆ 100 ವ್ಯಾಟ್ ಬೇಕು, 84 ಇದ್ದರೆ 200. ಪ್ರತಿ 3 ಡೆಸಿಬೆಲಿಗೆ ಎರಡು ಪಟ್ಟು! ಅಂದರೆ ಸ್ಪೀಕರಿನ ಈ ಪುಟ್ಟ ಅಂಕಿಯೇ ಆಂಪ್ಲಿಫೈಯರಿನ ಬೆಲೆಯನ್ನು ನಿರ್ಧರಿಸುತ್ತದೆ. ಇದರಲ್ಲೂ ಒಂದು ಜಾಣತನ ನಡೆಯುತ್ತದೆ. '2.83 ವೋಲ್ಟಿಗೆ' ಎಂದು ಬರೆದಿದ್ದರೆ 8 ಓಮಿನ ಸ್ಪೀಕರಿಗೆ ಅದು ಸರಿಯಾಗಿ ಒಂದು ವ್ಯಾಟ್, 4 ಓಮಿನದಕ್ಕೆ ಎರಡು ವ್ಯಾಟ್. ಆಗ 3 ಡೆಸಿಬೆಲ್ ಕಳೆದು ಓದಬೇಕು.

ಸಾಮಾನ್ಯ ಕೋಣೆಯಲ್ಲಿ, 88ರಿಂದ 90ರ ಟವರಿಗೆ, 4 ಓಮಿಗೂ ಸರಿ ಎಂದು ಸ್ಪಷ್ಟವಾಗಿ ಬರೆದಿರುವ 40ರಿಂದ 60 ನಿಜ ವ್ಯಾಟಿನ ಆಂಪ್ಲಿಫೈಯರ್ ಸಾಕು ಎಂಬುದು ನನ್ನ ಅಭಿಪ್ರಾಯ. ಮನೆಮಾತಿನ ಮಟ್ಟದಲ್ಲಿ ಕೇಳುವಾಗ ಖರ್ಚಾಗುವುದು ಒಂದು ವ್ಯಾಟಿಗಿಂತ ಕಡಿಮೆಯೇ. ಉಳಿದದ್ದು ತಬಲಾದ ಪೆಟ್ಟಿಗೆ, ಡೊಳ್ಳಿನ ಏಟಿಗೆ ಕಾಯ್ದಿಟ್ಟ ಬಲ. ತೀರಾ ಸಣ್ಣ ಆಂಪ್ಲಿಫೈಯರ್ ತಂದು ಗುಂಡಿಯನ್ನು ಕೊನೆಯವರೆಗೆ ತಿರುವಿದರೆ ಅಲೆಯ ತಲೆ ಕತ್ತರಿಸಿಹೋಗಿ ಮೇಲಿನ ಪುಟ್ಟ ಟ್ವೀಟರ್ ಸುಡುತ್ತದೆ. ಸ್ವರ ಒಡೆದು ಕರ್ಕಶವಾಯಿತೆಂದರೆ ಕೂಡಲೇ ಗುಂಡಿ ಹಿಂದಕ್ಕೆ ತಿರುವಬೇಕು.

ಶಾಲೆಯವರಿಗೆ ಇನ್ನೆರಡು ಮಾತು. ಗ್ಯಾದರಿಂಗಿಗೆ ಬಯಲಲ್ಲಿ ಟವರ್ ಸ್ಪೀಕರ್ ಇಡಬೇಡಿ. ಬಯಲಲ್ಲಿ ದೂರ ಎರಡು ಪಟ್ಟಾದಂತೆಲ್ಲ 6 ಡೆಸಿಬೆಲ್ ಇಳಿಯುತ್ತದೆ. 16 ಮೀಟರ್ ಆಚೆ ಕುಳಿತ ಪಾಲಕರಿಗೆ 24 ಡೆಸಿಬೆಲ್ ನಷ್ಟ. ಆ ಕೆಲಸ ಹಳೆಯ ಕರ್ಣಾದ್ದೇ. ಎರಡನೆಯದು, ಆಫೀಸಿನ ಕಪಾಟಿನಲ್ಲಿರುವ ಮೈಕಿನ ಆಂಪ್ಲಿಫೈಯರಿಗೇ ಟವರ್ ಹಚ್ಚಿದರಾಯಿತು ಎಂದುಕೊಳ್ಳುವವರು ಅದರ ಹಿಂಬದಿ ನೋಡಿ. 4, 8, 16 ಓಮ್ ಜೊತೆಗೆ 70 ವೋಲ್ಟ್, 100 ವೋಲ್ಟ್ ಎಂಬ ತಿರುಪುಗಳೂ ಇರುತ್ತವೆ. ಆ ಕೊನೆಯವು ದೂರದ ಕರ್ಣಾಗಳಿಗೆ, ಒಂದೊಂದಕ್ಕೂ ಟ್ರಾನ್ಸ್‌ಫಾರ್ಮರ್ ಕೂರಿಸಿರುವ ಸಾಲಿಗೆ. 50 ವ್ಯಾಟಿನ ಆಂಪ್ಲಿಫೈಯರ್ 8 ಓಮಿನ ಸ್ಪೀಕರಿಗೆ ಕೊಡುವುದು 20 ವೋಲ್ಟ್ ಮಾತ್ರ. ಅದೇ ಸ್ಪೀಕರಿಗೆ 100 ವೋಲ್ಟ್ ಬಿದ್ದರೆ ಲೆಕ್ಕಕ್ಕೆ 1250 ವ್ಯಾಟ್ ಆಗುತ್ತದೆ. ಅಷ್ಟು ಕೊಡಲಾಗದೆ ಆಂಪ್ಲಿಫೈಯರ್ ಮೊದಲು ಸಾಯುತ್ತದೋ, ಸ್ಪೀಕರ್ ಮೊದಲು ಸಾಯುತ್ತದೋ ಎಂಬುದಷ್ಟೇ ಪ್ರಶ್ನೆ. ತಂತಿ ಸಿಕ್ಕಿಸುವ ಮುಂಚೆ ಆ ಎರಡು ತಿರುಪುಗಳ ಮೇಲೆ ಕೆಂಪು ಟೇಪ್ ಅಂಟಿಸಿಬಿಡಿ.